ಪೆಟ್ಟಿಗೆಗೆ ಹ್ಞೂಂ ಎಂದ ಕಾಕಾ

ಈಗ ಹೇಳಲಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಅಂಗಡಿಯ ಬಾಗಿಲಿಗೆ ಹಸಿರು ಪರದೆ ಇತ್ತೆಂದು ನನ್ನ ನೆನಪು. ಪರದೆಯೂ ಇಲ್ಲ, ಮಣ್ಣೂ ಇಲ್ಲ, ಗೋಣಿತಟ್ಟು ತೂಗುಬಿಟ್ಟಿದ್ದರು ಎಂದು ನನ್ನ ತಮ್ಮ ಆಣೆ ಮಾಡುತ್ತಾನೆ. ನಾನು ದಿನಚರಿ ಬರೆಯುವವಳು, ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಧಾರವಾಡದ ಬಸ್ಸು ತಡವಾದದ್ದು ಇದೆ, ನನ್ನ ಹಲ್ಲುನೋವು ಇದೆ, ಕಾಕಾನ ಬಗ್ಗೆ ಒಂದಕ್ಷರವಿಲ್ಲ! ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಯಾವುದನ್ನು ಬರೆದಿಡಬೇಕೆಂಬುದು ಇಷ್ಟು ಚೆನ್ನಾಗಿ ಗೊತ್ತಿರುತ್ತದೆ ನೋಡಿ.

ಆದರೆ ಒಂದು ಮಾತನ್ನು ಮಾತ್ರ ಯಾರ ಆಣೆಗೂ ಬಿಟ್ಟುಕೊಡಲಾರೆ. ನನ್ನ ಕಾಕಾ, ಅಂದರೆ ಅಪ್ಪನ ಖಾಸಾ ತಮ್ಮ, ಹುಟ್ಟಿದಾಗಿನಿಂದ ಯಾರ ಕಥೆಗೂ ಹ್ಞೂಂ ಎಂದವರಲ್ಲ. ಒಮ್ಮೆ ಮಾತ್ರ ಎಂದರು. ಅದೂ ನವಲಗುಂದದ ಬಸ್ ನಿಲ್ದಾಣದ ಬಾಜುವಿನಲ್ಲಿದ್ದ ಒಂದು ಪೆಟ್ಟಿಗೆಗೆ!

ನಮ್ಮ ಕಡೆ ಕಥೆ ಹೇಳುವುದಕ್ಕೆ ಇಬ್ಬರು ಬೇಕು. ಒಬ್ಬರು ಹೇಳಬೇಕು, ಇನ್ನೊಬ್ಬರು ಮಾತುಮಾತಿಗೂ ಹ್ಞೂಂ ಅನ್ನಬೇಕು. "ಹ್ಞೂಂ ಅನ್ನಾವ್ರು ಯಾರದೀರಿ?" ಎಂದು ಕೇಳದೆ ನಮ್ಮಜ್ಜಿ ಕಥೆ ಶುರು ಮಾಡುತ್ತಿರಲಿಲ್ಲ. ಮಕ್ಕಳೆಲ್ಲ ನಾ, ನಾ ಎಂದು ಮುಗಿಬೀಳುತ್ತಿದ್ದೆವು. ಆ ಕೆಲಸಕ್ಕೆ ಬುದ್ಧಿ ಬೇಕಿಲ್ಲ, ಗಂಟಲೊಂದಿದ್ದರೆ ಸಾಕು. ಕಾಕಾನ ತರ್ಕ ಬೇರೆ. "ಹ್ಞೂಂ ಅಂದ್ರ ಸಹಿ ಹಾಕಿದಂಗ," ಎನ್ನುತ್ತಿದ್ದರು. "ಓದದ ಸಹಿ ಹಾಕಾಕ ನಾ ಏನ್ ಹೆಬ್ಬಟ್ಟಿನಾಂವ ಏನು? ಮೆಟ್ರಿಕ್ ಪಾಸ್ ಆಗೇನಿ." ಹೀಗಾಗಿ ಎಲ್ಲರೂ ಹ್ಞೂಂ ಅನ್ನುವ ಕಡೆ ಅವರು "ಯಾಕ?" ಎನ್ನುತ್ತಿದ್ದರು.

"ಒಂದೂರಾಗ ಒಬ್ಬ ರಾಜಾ ಇದ್ದ. ಅವಗ ಏಳು ಮಂದಿ ಹೆಂಡ್ರು," ಎಂದು ಅಜ್ಜಿ ತೆಗೆಯುವಳು.

"ಯಾಕ?"

"ಯಾಕಂದ್ರ? ರಾಜಾ ಅದಾನ, ಇರ್ತಾರ."

"ಏಳು ಮಂದಿಗೆ ಒಂದ ಅಡಗಿಮನಿ ಏನು, ಏಳು ಬ್ಯಾರೆ ಬ್ಯಾರೆ ಏನು?"

"ಲೇ, ರಾಜಕುಮಾರ ಇನ್ನೂ ಹುಟ್ಟಿಲ್ಲ, ನೀ ಆಗ್ಲೇ ಅಡಗಿಮನಿ ಹೊಕ್ಕಿ?"

"ಒಂದ ಇದ್ರ ಮೊದಲ ಆ ಜಗಳ ಹೇಳು. ಏಳಿದ್ರ ರಾಜಾ ಸಂಜೀಕ ಎಲ್ಲಿ ಉಂತಿದ್ದ, ಅದನ್ನ ಹೇಳು."

ಅಜ್ಜಿ ಸಿಟ್ಟಿನಿಂದ ಮಗ್ಗುಲಾಗುತ್ತಿದ್ದಳು. ಆ ದಿನ ರಾಜಕುಮಾರ ಹುಟ್ಟಲಿಲ್ಲ. ಮರುದಿನ ಹುಟ್ಟುವ ಹೊತ್ತಿಗೆ ಸೂಲಗಿತ್ತಿ ಯಾವ ಊರಿನವಳು ಎಂಬ ಪ್ರಶ್ನೆ ಎದ್ದಿತು. ಹೀಗೆ ನಮ್ಮ ಮನೆಯ ಮಕ್ಕಳು ಒಬ್ಬನೇ ಒಬ್ಬ ರಾಜಕುಮಾರನ ಮುಖವನ್ನೂ ಕಾಣದೆ ಬೆಳೆಯುತ್ತಿದ್ದೆವು!

ಮಠದಲ್ಲಿ ಶ್ರಾವಣಕ್ಕೆ ಕೀರ್ತನಕಾರರು ಬಂದರೆ ಕಾಕಾ ಎದುರಿನ ಸಾಲಿನಲ್ಲಿಯೇ ಕೂರುವರು. ಒಂದು ವರ್ಷ, ರಾಕ್ಷಸ ಉಗ್ರ ತಪಸ್ಸು ಮಾಡಿದ, ದೇವರು ಪ್ರತ್ಯಕ್ಷನಾದ, ಯಾರ ಕೈಯಲ್ಲೂ ಸಾಯದಂಥ ವರ ಕೊಟ್ಟ ಎಂದು ಅವರು ಕಣ್ಣು ಮುಚ್ಚಿ ಹಾಡುತ್ತಿರುವಾಗ ಇವರು ಎದ್ದು ನಿಂತು, "ಮಹಾರಾಜ್ರ, ಹೋದ ವರ್ಷನೂ ಇಂಥಾವಗ ವರ ಕೊಟ್ಟು ತ್ರಾಸ ಪಟ್ರಲ್ರಿ. ದೇವ್ರು ಒಮ್ಮೆರೆ ವಿಚಾರ ಮಾಡಬಾರದೇನ್ರಿ?" ಎಂದು ಕೇಳಿಬಿಟ್ಟರು. ಮೊದಲು ನಕ್ಕವನು ತಬಲಾದವನು. ಮುಂದಿನ ವರ್ಷ ಕೀರ್ತನಕಾರರಿಂದ ಹೇಳಿಕೆ ಬಂತು: "ಆ ಮನಷ್ಯಾ ಊರಾಗಿದ್ರ ನಾ ಬರಂಗಿಲ್ಲ." ಊರವರು ಕೀರ್ತನಕಾರರನ್ನೇ ಬಿಟ್ಟರು. ಯಾಕೆ ಗೊತ್ತೇ? ಕಾಕಾನ ಅಗತ್ಯ ಊರಿಗೆ ಹೆಚ್ಚು ಇತ್ತು!

ಹೌದು, ಪಂಚರು ನ್ಯಾಯಕ್ಕೆ ಕುಳಿತಾಗ ಕಾಕಾನನ್ನು ಕರೆದೊಯ್ದು ಬದಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವರ 'ಯಾಕ'ಗಳನ್ನು ದಾಟಿಯೂ ನಿಂತ ಮಾತು ಖರೆ, ಬಿದ್ದದ್ದು ಸುಳ್ಳು ಎಂದು ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ನಂಬಿಕೆ. ಒಬ್ಬನ ಎತ್ತು ಇನ್ನೊಬ್ಬನ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. "ತಾನ ನಡಕೋತ ಬಂತ್ರಿ, ಹಸಿವ್ಯಾಗಿತ್ತು ಕಾಣ್ತೈತಿ," ಎಂದ ಕೊಟ್ಟಿಗೆಯವನು.

"ಬರಲಿ. ಒಳಗ ಬಂದ ಮ್ಯಾಲ ಅಗಳಿ ಹಾಕಿದ್ದು ಯಾಕ?"

"ಅದು... ನಾ ಹಾಕಿಲ್ರಿ."

"ಹಂಗಾರ ಎತ್ತ ಹಾಕ್ಕೊಂತೇನೋ ತಮ್ಮಾ?"

ನ್ಯಾಯ ಮುಗಿಯಿತು. ಎತ್ತು ಮನೆಗೆ ಹೋಯಿತು. ಕಾಕಾ ಎದೆ ಉಬ್ಬಿಸಿಕೊಂಡು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ಉಂಡರು. ಇಂಥವರನ್ನು ಕಂಡು ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಇಂಥವರ ಜೊತೆ ಸಂಸಾರ ಮಾಡುವುದು ಹೇಗೆ ಎಂದು ಯಾರು ಕೇಳುತ್ತಾರೆ?

ಸಂಸಾರ ಮಾಡಲು ಬಂದವರು ಶಲವಡಿಯ ಕಾಕು. ಸಣ್ಣ ಮೈಕಟ್ಟು, ದೊಡ್ಡ ಗಂಟಲು. ಬಂದ ಹೊಸದರಲ್ಲೇ ಮನೆಯ ಕಥೆಗಳ ಗತಿ ನೋಡಿ ಅಜ್ಜಿಯ ಪಕ್ಕದಲ್ಲಿ ಕೂತರು. ಕಾಕಾ ಬಾಯಿ ತೆರೆಯುವ ಮೊದಲೇ ಕಾಕು ಎಂಥ ಹ್ಞೂಂ ಹಾಕುತ್ತಿದ್ದರೆಂದರೆ, ಆ 'ಯಾಕ' ಗಂಟಲಲ್ಲೇ ಉಳಿಯುತ್ತಿತ್ತು! ರಾಜ ಬೇಟೆಗೆ ಹೋದ, ಹ್ಞೂಂ. ಹುಲಿ ಕಂಡಿತು, ಹ್ಞೂಂ! ಒಂದೊಂದು ಹ್ಞೂಂಗೆ ಒಂದೊಂದು ಬಣ್ಣ. ನಮ್ಮ ಮನೆಯಲ್ಲಿ ಕೊನೆಗೂ ರಾಜಕುಮಾರ ಹುಟ್ಟಿ, ಬೆಳೆದು, ಮದುವೆಯಾದದ್ದು ಕಾಕು ಬಂದ ಮೇಲೆಯೇ. ಕಾಕಾ ಗೋಡೆಗೆ ಒರಗಿ ಹೆಂಡತಿಯನ್ನೇ ನೋಡುತ್ತ ಕೂರುತ್ತಿದ್ದರು. ಸೋತದ್ದು ಅವರಿಗೆ ಸಂತೋಷವಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಹೇಳಲಾರೆ, ನನಗೆ ಏಳೋ ಎಂಟೋ ವಯಸ್ಸು.

ಅವರಿಗೊಂದು ಹೆಣ್ಣುಮಗು ಆಯಿತು. ಇನ್ನೂ ಮಗ್ಗುಲು ಹೊರಳಲು ಕಲಿಯುತ್ತಿದ್ದ ಕೂಸು. ಕಾಕಾ ಹತ್ತಿ ಮಾರಲು ಹುಬ್ಬಳ್ಳಿಗೆ ಹೋಗಿದ್ದ ದಿನ ಅದಕ್ಕೆ ಜ್ವರ ಬಂತು. ಸಂಜೆಯಾಗುತ್ತ ಮೈ ಸೆಟೆಯತೊಡಗಿತು. ಗಾಡಿ ಕಟ್ಟಿ ನವಲಗುಂದದ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಹೋಯಿತು. ಮರುದಿನ ಕಾಕಾ ಬಂದರು. ಪಡಸಾಲೆಯಲ್ಲಿ ನಾವೆಲ್ಲ ಕೂತಿದ್ದೆವು, ಅಜ್ಜಿಯೂ ಇದ್ದಳು. ಕಾಕು ಗಂಡನ ಎದುರು ಕೂತು ಮೊದಲಿನಿಂದ ಹೇಳತೊಡಗಿದರು. ಬೆಳಿಗ್ಗೆ ಹಾಲು ಕುಡಿದದ್ದು, ಮಧ್ಯಾಹ್ನ ಮೈ ಕಾದದ್ದು, ಕಣ್ಣು ತೇಲಿಸಿದ್ದು, ಹೊತ್ತು ಮುಳುಗುವಾಗ ಗಾಡಿ ಕಟ್ಟಿದ್ದು.

"ಯಾಕ?" ಎಂದರು ಕಾಕಾ.

ಕಾಕು ತಲೆ ಎತ್ತಿದರು.

"ಮಧ್ಯಾಹ್ನ ಜ್ವರಾ ಬಂದಿತ್ತು ಅಂತಿ. ಸಂಜೀತನಕಾ ಯಾಕ ಕುಂತಿ? ಇದು ಹೊಂದಂಗಿಲ್ಲ. ಇದರಾಗ ಏನೋ ಬಿಟ್ಟು ಹೇಳಾಕತ್ತಿ ನೀ."

ಬಿಟ್ಟು ಹೇಳುತ್ತಿದ್ದದ್ದು ನಿಜ. ಆ ಕಥೆಯಲ್ಲಿ ಒಂದು ತೂತಿತ್ತು, ಮತ್ತು ಆ ತೂತಿನಲ್ಲಿ ನಮ್ಮಜ್ಜಿ ಕೂತಿದ್ದಳು. "ಹಲ್ಲು ಬರೂ ಜ್ವರಾ ಬೇ, ಇದಕ್ಕೆಲ್ಲ ದವಾಖಾನಿಗೆ ಓಡೂದೇನು?" ಎಂದು ಮಧ್ಯಾಹ್ನ ಹೇಳಿದವಳು ಅವಳೇ. ಅತ್ತೆಯ ಮುಂದೆ, ಮನೆಮಂದಿಯ ಮುಂದೆ, ಆ ಮಾತನ್ನು ಸೊಸೆ ಹೇಳುವುದು ಹೇಗೆ? ಅಜ್ಜಿ ಬಾಯಿ ಬಿಡಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ಊರಿಗೆಲ್ಲ ನ್ಯಾಯ ತೂಗಿ ಕೊಡುವ ಕಾಕಾ ಇನ್ನೆರಡು ಬಾರಿ ಯಾಕ ಎಂದರು. ಕಾಕು ಎದ್ದು ಒಳಗೆ ಹೋದರು. ಕಾರ್ಯ ಮುಗಿದ ಮೇಲೆ ಶಲವಡಿಗೆ ಹೋದವರು ತಿರುಗಿ ಬರಲಿಲ್ಲ.

ತೂತಿನಲ್ಲಿ ಯಾರಿದ್ದರೆಂಬುದು ಕಾಕಾಗೆ ಬೇಗನೆ ತಿಳಿಯಿತು. ತಿಳಿದು ಮಾಡಿದ್ದೇನು? ವರ್ಷಕ್ಕೊಮ್ಮೆ ಇಳಕಲ್ಲ ಸೀರೆ ಕೊಂಡು ಶಲವಡಿಯ ಬಸ್ಸು ಹತ್ತುವುದು. ಹೆಂಡತಿಯ ಅಣ್ಣ ಬಾಗಿಲಲ್ಲೇ "ಬರ್ರಿ, ಬರ್ರಿ" ಎಂದು ಚಹಾ ಕೊಡಿಸುವುದು. ಇವರು ಚಹಾ ಕುಡಿದು, "ಅವತ್ತ ನಾ ಕೇಳಿದ್ದರಾಗ ತಪ್ಪೇನಿತ್ತು? ನೀವ ಹೇಳ್ರಿ," ಎಂದು ವಾದ ಹೂಡುವುದು. ಒಳಗಿನಿಂದ ಪಾತ್ರೆ ಸದ್ದಾಗುವುದು. ಇವರು ಸೀರೆ ಬಗಲಲ್ಲಿಟ್ಟುಕೊಂಡು ಹೊರಳುವುದು. ಹೆಂಡತಿಯನ್ನು ಕರೆತರಲು ಹೋಗುವವರು ಹೂವು ಒಯ್ಯುವುದನ್ನು ಕೇಳಿದ್ದೇನೆ, ವಕೀಲಿಕೆ ಒಯ್ಯುವುದನ್ನು ಇವರಲ್ಲೇ ಕಂಡದ್ದು! ಅಜ್ಜಿ ತೀರಿಕೊಂಡ ವರ್ಷ ಮಾತ್ರ ವಾದ ಮಾಡಲಿಲ್ಲವಂತೆ, ಸುಮ್ಮನೆ ಕೂತು ಬಂದರಂತೆ. ಆ ವರ್ಷವೂ ಸೀರೆ ತಿರುಗಿ ಬಂತು.

ಅಂಥದೇ ಒಂದು ಯಾತ್ರೆ ಮುಗಿಸಿ ಬರುವಾಗ ನನಗೆ ಸಿಕ್ಕರು. ನಾನು ಧಾರವಾಡದ ಹಾಸ್ಟೆಲಿನಿಂದ ರಜೆಗೆ ಬರುತ್ತಿದ್ದೆ. ನಮ್ಮೂರಿಗೆ ನವಲಗುಂದದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಬಾಜುವಿನಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯವನು ಹುಬ್ಬಳ್ಳಿಯಿಂದ ಒಂದು ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ತಂದಿಟ್ಟಿದ್ದ. ಕಪಾಟಿನಷ್ಟು ಎತ್ತರ, ಎದೆಯಲ್ಲಿ ಟಿ.ವಿ., ಕೆಳಗೊಂದು ಕೋಲು, ಎರಡು ಗುಂಡಿ. ಎಂಟಾಣೆ ಹಾಕಿದರೆ ಆಟ. ಬಿಸಿಲಿಗೆ ನೆರಳು ಹುಡುಕುತ್ತ ಒಳಗೆ ಹೊಕ್ಕಿದ್ದ ಕಾಕಾ ನನ್ನನ್ನು ಕಂಡು ಅಲ್ಲಿಂದಲೇ ಕೂಗಿದರು. "ಲೇ ಹುಡುಗಿ, ಬಾ ಇಲ್ಲೆ! ಇದರಾಗ ಇಂಗ್ಲಿಷ್‌ನ್ಯಾಗ ಏನೋ ಬರದಾರ, ಓದಿ ಹೇಳು."

ಹೆಣ್ಣುಮಕ್ಕಳು ಕಾಲಿಡುವ ಜಾಗವಲ್ಲ ಅದು. ಕಾಕಾ ಗಂಡಸರನ್ನೆಲ್ಲ ಪಕ್ಕಕ್ಕೆ ಸರಿಸಿದರು. ನಾನು ಪರದೆಯನ್ನೋ ಗೋಣಿತಟ್ಟನ್ನೋ ಎತ್ತಿ ಹಿಡಿದು ಒಳಗೆ ಹೋದೆ. ಕೋಲು ಹಿಡಿದಿದ್ದವನು ಮೊರಬದ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಆ ಪೆಟ್ಟಿಗೆಯ ಮುಂದೆ ಅವನಷ್ಟು ಹೊತ್ತು ಸಾಯದೆ ಉಳಿದವರು ತಾಲೂಕಿನಲ್ಲೇ ಇರಲಿಲ್ಲವಂತೆ.

ನಾನು ಓದಿ ಹೇಳಿದೆ. "ಸೂರ್ಯ ಇಲ್ಲದ ನಾಡಂತ ಕಾಕಾ. ರೆಕ್ಕಿ ಇರೂ ದೆವ್ವ ಬಂದು ತೊಟ್ಟಲದಾಗಿನ ಕೂಸನ್ನ ಎತಗೊಂಡು ಹೋಗೇತಿ. ಅದರ ತಂದಿ ಕತ್ತಿ ಹಿಡಕೊಂಡು ಕರೀ ಕೋಟಿಗೆ ಹೊಂಟಾನ." ಓದುತ್ತಲೇ ಕಾಕಾನ ಕಡೆ ನೋಡಿದೆ. ಬೇರೆ ಯಾವ ಆಟವೂ ಸಿಗಲಿಲ್ಲವೇ ಆ ಅಂಗಡಿಯ ಪುಣ್ಯಾತ್ಮನಿಗೆ?

ಕಾಕಾನ ಮುಖದಲ್ಲಿ ಏನೂ ಕಾಣಲಿಲ್ಲ. "ಹೊಂಡ್ಲಿ," ಎಂದರು. "ತಾಯಿ ಎಲ್ಲದಾಳ?"

"ತಾಯಿ ಇಲ್ರಿ ಈ ಆಟದಾಗ," ಎಂದ ಡ್ರೈವರ್, ಕಣ್ಣು ಕೀಳದೆ.

"ಯಾಕ?"

"ಇಟ್ಟಿಲ್ರಿ."

"ಕೂಸಿದ್ದ ಮ್ಯಾಲ ತಾಯಿ ಇರಬೇಕಲ್ಲೋ. ಇದೆಂಥಾ ಕಥಿ?"

ಅಂಗಡಿಯವನಿಗೆ ನಗು. "ಹಿರ್ಯಾರ, ಇದು ಆಟ ಐತ್ರಿ. ಕಥಿ ಯಾಂವ ನೋಡ್ತಾನ? ಬಡಿಯೂದು, ಸಾಯೂದು, ಮತ್ತ ಎಂಟಾಣೆ ಹಾಕೂದು."

"ಸಾಯಾಕೂ ಒಂದು ಕಾರಣ ಬೇಕಲ್ಲೋ ತಮ್ಮಾ."

"ಕಾರಣ ಚಲೋನ ಐತಲ್ರಿ!" ಎಂದ ಡ್ರೈವರ್. "ಮಗಳ ಸಲುವಾಗಿ ಹೊಂಟಾನ. ಇದಕಿಂತ ಚಲೋ ಕಥಿ ಎಲ್ಲಿ ತರೂಣು?"

"ಮಗಳ ಅಂತ ಎಲ್ಲಿ ಬರದೈತಿ? ಕೂಸು ಅಂತ ಅಷ್ಟ ಐತಿ."

"ನನಗ ಮಗಳದಾಳ್ರಿ, ಅದಕ ಅಂದೆ."

ಆಮೇಲೆ ಕಾಕಾ ಪಟ್ಟಿ ಬಿಚ್ಚಿದರು. ಗೋರಿಗಳಿಂದ ಏಳುವ ಎಲುಬಿನ ಹಂದರಗಳು ಗುರಾಣಿ ಎಲ್ಲಿಂದ ತಂದವು? ರೆಕ್ಕೆ ಇದ್ದ ದೆವ್ವ ಮೆಟ್ಟಿಲು ಹತ್ತುವುದು ಯಾಕೆ? ಅಂಗಡಿಯವನು ಕ್ಯಾಸೆಟ್ಟುಗಳ ಧೂಳು ಒರೆಸುತ್ತ, ಪೆಟ್ಟಿಗೆಯನ್ನು ಮಾಡಿದ ದೇಶದವರು ಈ ಹಿರಿಯರನ್ನು ಕೇಳಿ ಮಾಡಬೇಕಿತ್ತು ಎಂದು ಗೊಣಗಿದ. ಎಲ್ಲರೂ ನಕ್ಕರು. ಪೆಟ್ಟಿಗೆ ಮಾತ್ರ ನಗಲಿಲ್ಲ, ಸಿಟ್ಟಾಗಲಿಲ್ಲ, ಮಗ್ಗುಲಾಗಲಿಲ್ಲ. ಕಾಕಾ ಕೇಳುತ್ತಲೇ ಹೋದರು, ಅದು ತನ್ನ ಕಥೆ ಹೇಳುತ್ತಲೇ ಹೋಯಿತು. ಇಂಥ ಕಥೆಗಾರ ಅವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ!

ಆ ತಂದೆ ಹೆಣಗಳು ತೇಲುವ ಹೊಳೆಯಲ್ಲಿ ಸತ್ತ. ಹೊಳೆಯ ದಂಡೆಯಿಂದ ಮತ್ತೆ ಎದ್ದ. ಕೋಟೆಯ ಬಾಗಿಲಲ್ಲಿ ಸತ್ತ. ಬಾಗಿಲಿನಿಂದ ಮತ್ತೆ ಎದ್ದ. ಡ್ರೈವರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಾಕಾನ ಪ್ರಶ್ನೆಗಳು ಯಾವಾಗ ನಿಂತವೋ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಕಾಗದದಲ್ಲಿ ಸುತ್ತಿದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಇಬ್ಬರೂ ಕದಲಲಿಲ್ಲ.

ಕೊನೆಗೆ ಆತ ದೆವ್ವವನ್ನು ಕೆಡವಿ ಮೇಲಿನ ಕೋಣೆಗೆ ಹತ್ತಿದ. ಅಲ್ಲಿ ತೊಟ್ಟಿಲು. ಕೂಸನ್ನು ಎತ್ತಿಕೊಂಡ. ಅಂಗಡಿಯಲ್ಲಿ ಸಿಳ್ಳೆ, ಚಪ್ಪಾಳೆ! ಟಿ.ವಿ. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಮತ್ತೆ ಮೊದಲಿನ ಚಿತ್ರ. ಅದೇ ಸೂರ್ಯನಿಲ್ಲದ ನಾಡು, ಅದೇ ತೊಟ್ಟಿಲು. ರೆಕ್ಕೆಯ ದೆವ್ವ ಇಳಿದು ಬಂದು ಕೂಸನ್ನು ಎತ್ತಿಕೊಂಡು ಹೋಯಿತು. ತಂದೆ ಕತ್ತಿ ಹಿಡಿದು ಕೋಟೆಗೆ ಹೊರಟ.

"ಮೋಸಾ!" ಎಂದು ಯಾರೋ ಕೂಗಿದರು. ಡ್ರೈವರ್ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟ. "ಇದರೌನ, ಕೂಸು ಕೈಯಾಗ ಸಿಕ್ಕಿತ್ತಲ್ಲೋ! ಮತ್ಯಾಕ ಕೊಟ್ಟಿ?" ಅಂಗಡಿಯವನು ಅಡ್ಡ ಬಂದ. "ಬಡೀಬ್ಯಾಡೋ ಮಾರಾಯಾ! ಹುಬ್ಬಳ್ಳ್ಯಾಗೂ ಹಿಂಗ ಐತಂತ. ಈ ಆಟಕ್ಕ ಮುಗಿಯೂದಂತ ಇಲ್ಲ." ಇದು ಕಥೆಯೇ ಅಲ್ಲ, ಹುಚ್ಚರು ಮಾಡಿದ್ದು ಎಂದು ಎಲ್ಲರೂ ಒಂದೇ ಬಾಯಿಂದ ತೀರ್ಪು ಕೊಟ್ಟರು.

ಆಗ ಕಾಕಾ ಹೇಳಿದರು. ದೊಡ್ಡದಾಗಿ ಅಲ್ಲ, ಗಂಟಲ ತಳದಿಂದ.

"ಹ್ಞೂಂ."

ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಕಾಕಾನನ್ನು ಬಲ್ಲವರು ಅಲ್ಲಿ ಇಬ್ಬರು ಮೂವರಾದರೂ ಇದ್ದರು. ಅದು ಹ್ಞೂಂ ಅಲ್ಲ, ಧೂಳಿಗೆ ಕೆಮ್ಮಿದ್ದು ಎಂದು ಅಂಗಡಿಯವನು ಈಗಲೂ ವಾದಿಸುತ್ತಾನೆ. ಇರಬಹುದೇ ಎಂದು ನಾನೂ ನನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನಗೆ ಬೇಕಾದ್ದನ್ನೇ ಕೇಳಿಸಿಕೊಂಡೆನೇ? ಆದರೆ ಆಮೇಲೆ ನಡೆದ ಮಾತಿದೆಯಲ್ಲ, ಅದು ಕೆಮ್ಮಿದವರ ಮಾತಲ್ಲ.

ಮುಂದಿನ ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕೆಳಗೆ ನಿಂತಿದ್ದೆವು. "ಕಾಕಾ, ಕಥಿ ಚಲೋ ಇತ್ತೇನು?" ಎಂದೆ.

"ಏನ್ ಚಲೋಲೇ? ತಾಯಿನ್ನ ಇಡೂದ ಮರ್ತಾನ ಬರದಾಂವ. ಎಲಬಿನ ಕೈಯಾಗ ಗುರಾಣಿ ಕೊಟ್ಟಾನ. ಅಗದಿ ಕೆಟ್ಟ ಕಥಿ."

"ಮತ್ತ ಹ್ಞೂಂ ಅಂದಿ?"

ಅವರು ಸೀರೆಯನ್ನು ಬಗಲಿಗೆ ಸೇರಿಸಿಕೊಂಡರು. "ಚಲೋ ಇದ್ರಷ್ಟ ಹ್ಞೂಂ ಅನಬೇಕಂತ ಯಾರ ಹೇಳಿದ್ರು?" ಎಂದರು. ಹೇಳಿದವರು ತಾವೇ ಎಂಬುದು ನೆನಪಾಗಿರಬೇಕು, ಮುಖ ತಿರುಗಿಸಿಕೊಂಡರು.

ಚಳಿಗಾಲದಲ್ಲಿ ನಾನೊಬ್ಬಳೇ ಶಲವಡಿಗೆ ಹೋದೆ. ಕಾಕು ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ನನ್ನನ್ನು ಕೂರಿಸಿ, ನೀರು ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ನಿಮ್ಮ ಕಾಕಾ ಯಾವ್ದೋ ಪೆಟ್ಟಿಗಿಗೆ ಹ್ಞೂಂ ಅಂದ್ರಂತ?" ಮೊರಬದ ಡ್ರೈವರ್ ಅವರ ಹೊಲ ಹೊಡೆಯಲು ಬಂದಾಗ ಹೇಳಿ ಹೋಗಿದ್ದನಂತೆ.

"ಹೌದು ಕಾಕು."

"ಏನದು ಕಥಿ? ಹೇಳು ನೋಡೂಣು."

ಹೇಳಬಾರದೆಂದೇ ಹೋಗಿದ್ದೆ. ಆದರೆ ನಾನು ಶುರು ಮಾಡಿದ್ದೇ ತಡ, ಕಾಕು ತೊಟ್ಟು ಮುರಿಯುತ್ತ ಹ್ಞೂಂ ಅನ್ನತೊಡಗಿದರು. ಸೂರ್ಯ ಇಲ್ಲದ ನಾಡು, ಹ್ಞೂಂ. ದೆವ್ವ ಇಳಿದು ಬಂತು, ಹ್ಞೂಂ. ತಂದೆ ಹೊರಟ, ಹ್ಞೂಂ. ಅಷ್ಟು ವರ್ಷಗಳಾದರೂ ಆ ಗಂಟಲು ಹಾಗೇ ಇತ್ತು, ನನ್ನನ್ನು ಎಲ್ಲೂ ನಿಲ್ಲಗೊಡಲಿಲ್ಲ. ಕೋಟೆಯ ಬಾಗಿಲಿಗೆ ಬಂದಾಗ ಒಮ್ಮೆ ಮಾತ್ರ ತಡೆದರು.

"ತಾಯಿ ಎಲ್ಲಿದ್ಲಂತ ಆವಾಗ?"

"ತಾಯಿನ್ನ ಇಟ್ಟಿಲ್ಲ ಕಾಕು ಆ ಕಥ್ಯಾಗ. ಕಾಕಾನೂ ಮೊದಲ ಅದನ್ನ ಕೇಳಿದ್ರು."

ಕೈ ನಿಂತಿತು. "ಹ್ಞೂಂ," ಎಂದರು ಕಾಕು, ಬಹಳ ಮೆತ್ತಗೆ. "ಮುಂದ?"

ಮುಂದೆ ತೊಟ್ಟಿಲು ಬಂತು, ಕೂಸು ಕೈಗೆ ಸಿಕ್ಕಿತು, ಮತ್ತೆ ಹೋಯಿತು. ಅಲ್ಲಿಂದ ಮುಂದೆ ನನಗೆ ಹ್ಞೂಂ ಸಿಗಲಿಲ್ಲ. ಕಾಕು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದರು. ಆಮೇಲೆ, ಯಾರಿಗೋ ಎಂಬಂತೆ, "ಪೆಟ್ಟಿಗಿಗೆ ಅಂದಾರ. ಜೀವ ಇಲ್ಲದ್ದಕ್ಕ ಅಂದಾರ," ಎಂದರು.

ಬಸ್ಸಿನ ಹೊತ್ತಾಗುತ್ತಿತ್ತು. ಎದ್ದವಳು ಕಂಬ ಹಿಡಿದು ನಿಂತು ಒಂದು ಪ್ರಶ್ನೆ ಕೇಳಿದೆ. ಕಾಕು ಮೊರ ಎತ್ತಿ ಕೇರತೊಡಗಿದರು. ಅದಾದ ಮೇಲೆ ಎರಡು ಬಾರಿ ಶಲವಡಿಗೆ ಹೋಗಿ ಬಂದಿದ್ದೇನೆ. ಅವರಾಗಿ ಉತ್ತರ ಕೊಟ್ಟಿಲ್ಲ, ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಬಂದಿಲ್ಲ. ಕೇಳಿದ್ದು ಇಷ್ಟೆ:

"ಕಾಕು, ಈಗ ಅವರು ಬಂದು, ನಿನ್ನ ಮುಂದ ಸುಮ್ಮನ ಕುಂತು, ಏನೂ ಕೇಳದ ಹ್ಞೂಂ ಅಂದ್ರ, ಆವತ್ತಿನ ಕಥಿನ್ನ ಮತ್ತ ಮೊದಲಿಂದ ಹೇಳ್ತೀ ಏನು?"